ಕೊಡದಲ್ಲಿರುವ ಕಾಣದ ಕಳ್ಳ

ಶಾಲೆಯ ಅಂಗಳದಲ್ಲಿ ಗ್ರೂಪ್ ಫೋಟೊ ತೆಗೆಯುತ್ತಿದ್ದಾರೆ ಎಂದುಕೊಳ್ಳಿ. ಮುಂದಿನ ಸಾಲಿನಲ್ಲಿ ಪುಟ್ಟ ಮಕ್ಕಳು ನೆಲದ ಮೇಲೆ ಕೂತಿದ್ದಾರೆ. ಹಿಂದೆ ಬೆಂಚಿನ ಮೇಲೆ ದೊಡ್ಡ ಮಕ್ಕಳು ನಿಂತಿದ್ದಾರೆ. ‘ಎಲ್ಲಿ, ಎಲ್ಲರೂ ಚೆನ್ನಾಗಿ ನಗಿ ನೋಡೋಣ!’ ಎನ್ನುತ್ತಾನೆ ಫೋಟೊ ತೆಗೆಯುವವನು. ಎಲ್ಲರೂ ನಗುತ್ತಾರೆ. ಆದರೆ ಒಬ್ಬಳು ಹುಡುಗಿ ಮಾತ್ರ ತುಟಿ ಬಿಗಿಹಿಡಿದೇ ನಗುತ್ತಾಳೆ. ಅವಳ ಪಕ್ಕದ ಹುಡುಗ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡಿದ್ದಾನೆ.

ಫೋಟೊ ಮನೆಗೆ ಬರುತ್ತದೆ. ಜಗಲಿಯ ಮೇಲೆ ಕೂತ ಅಜ್ಜನಿಗೆ ತೋರಿಸಲು ಮೊಮ್ಮಗಳು ಓಡಿ ಬರುತ್ತಾಳೆ. ಅವಳು ನಿಂತಿರುವುದು ಅಜ್ಜನ ಎಡಗಡೆ. ಅಜ್ಜ ಕತ್ತನ್ನಷ್ಟೇ ತಿರುಗಿಸುವುದಿಲ್ಲ, ಗೋಡೆ ಹಿಡಿದು ಇಡೀ ಮೈಯನ್ನೇ ತಿರುಗಿಸಿ ಫೋಟೊ ನೋಡುತ್ತಾರೆ. ಯಾಕೆಂದರೆ ಅವರ ಕತ್ತು ಹೊರಳುವುದಿಲ್ಲ. ‘ವಯಸ್ಸಾಯಿತಲ್ಲ ಮಗಾ, ವಾಯು’ ಎನ್ನುತ್ತಾರೆ.

ಹುಡುಗಿ ತುಟಿ ಬಿಚ್ಚದೇ ಇದ್ದದ್ದು ಏಕೆ? ಅವಳ ಹಲ್ಲಿನ ಮೇಲೆ ಕಂದು ಬಣ್ಣದ ಅಡ್ಡ ಗೆರೆಗಳಿವೆ. ದಿನಕ್ಕೆ ಎರಡು ಸಲ ಉಜ್ಜಿದರೂ ಅವು ಹೋಗುವುದಿಲ್ಲ. ನೆಂಟರ ಊರಿಗೆ ಹೋದಾಗ ‘ಏನೇ, ಹಲ್ಲುಜ್ಜುವುದಿಲ್ಲವಾ?’ ಎಂದು ಕೇಳಿಸಿಕೊಂಡು ಅವಳಿಗೆ ಸಾಕಾಗಿದೆ.

ಅಜ್ಜನ ಕತ್ತು ಬೇರೆ, ಮೊಮ್ಮಗಳ ಹಲ್ಲು ಬೇರೆ. ಒಬ್ಬರಿಗೆ ವಯಸ್ಸಿನ ಕಾಟ, ಇನ್ನೊಬ್ಬಳಿಗೆ ಸೋಮಾರಿತನದ ಅಪವಾದ. ಆದರೆ ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆಗಳ ಅನೇಕ ಮನೆಗಳಲ್ಲಿ ಈ ಎರಡಕ್ಕೂ ಕಾರಣ ಒಂದೇ ಆಗಿರಬಹುದು. ಅದು ಅಡುಗೆಮನೆಯ ಮೂಲೆಯಲ್ಲಿರುವ ನೀರಿನ ಕೊಡದೊಳಗೆ ಕೂತಿದೆ. ಅದರ ಹೆಸರು ಫ್ಲೋರೈಡ್.

ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ

ನೀರು ಕೆಟ್ಟಿದೆಯೇ ಎಂದು ನಾವು ಹೇಗೆ ತಿಳಿಯುತ್ತೇವೆ? ಕೆಂಪಗಿದ್ದರೆ ಮಣ್ಣು ಎನ್ನುತ್ತೇವೆ. ನಾತ ಬಂದರೆ ಚೆಲ್ಲುತ್ತೇವೆ. ಉಪ್ಪುಪ್ಪಾಗಿದ್ದರೆ ಸವಳು ನೀರು ಎಂದು ಮುಖ ಸಿಂಡರಿಸುತ್ತೇವೆ. ಆದರೆ ಫ್ಲೋರೈಡ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಸಿಕ್ಕುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಕನ್ನಡಿಯಂತೆ ತಿಳಿಯಾಗಿ, ಕುಡಿಯಲು ಸಿಹಿಯಾಗಿರುವ ನೀರಿನಲ್ಲೂ ಅದು ಇರಬಹುದು.

ಅದು ಎಷ್ಟಿದ್ದರೆ ತೊಂದರೆ? ಭಾರತೀಯ ಮಾನಕ ಬ್ಯೂರೊದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಾದರೆ ಕುಡಿಯಬಾರದು.

1 ಮಿಲಿಗ್ರಾಂ ಅಂದರೆ ಎಷ್ಟು? ಮನೆಯ ಮೇಲಿನ 1,000 ಲೀಟರಿನ ಕಪ್ಪು ಟ್ಯಾಂಕ್ ನೋಡಿದ್ದೀರಲ್ಲ? ಅದರ ತುಂಬ ಇರುವ ನೀರಿಗೆ ಒಂದೇ ಒಂದು ಗ್ರಾಂ ಬೆರೆಸಿದರೆ ಎಷ್ಟಾಗುತ್ತದೋ ಅಷ್ಟು. ಅದೇ ಟ್ಯಾಂಕಿಗೆ 3 ಗ್ರಾಂ ಬಿದ್ದರೆ ಆ ನೀರು ಕುಡಿದು ಬೆಳೆಯುವ ಮಗುವಿನ ಹಲ್ಲಿನ ಮೇಲೆ ಅದರ ಗುರುತು ಮೂಡಬಹುದು. ಇಷ್ಟು ಸಣ್ಣ ಪ್ರಮಾಣ ನಾಲಿಗೆಗೆ ಸಿಕ್ಕುವುದಾದರೂ ಹೇಗೆ?

ಕಳ್ಳನನ್ನು ಹಿಡಿದ ಹಲ್ಲಿನ ಡಾಕ್ಟರು

ಈ ಕಳ್ಳನನ್ನು ಹಿಡಿಯಲು 30 ವರ್ಷ ಬೇಕಾಯಿತು ಎಂದರೆ ನಂಬುತ್ತೀರಾ? ಅದೊಂದು ಪತ್ತೇದಾರಿ ಕಥೆಯಂತೆಯೇ ಇದೆ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಆ ಊರಿನಲ್ಲಿ ಹುಟ್ಟಿ ಬೆಳೆದ ಬಹಳ ಜನರ ಹಲ್ಲುಗಳಲ್ಲಿ ಕಂದು ಕಲೆಗಳಿದ್ದವು. ಊರಿನವರು ತಲೆಗೊಂದು ಕಾರಣ ಹೇಳುತ್ತಿದ್ದರು. ಹಂದಿಮಾಂಸ ಜಾಸ್ತಿ ತಿಂದದ್ದಕ್ಕೆ ಎಂದರು ಕೆಲವರು. ಕೆಟ್ಟ ಹಾಲು ಎಂದರು ಕೆಲವರು. ಮೆಕೇ ಯಾವುದನ್ನೂ ನಂಬಲಿಲ್ಲ. ಹಲ್ಲುಗಳನ್ನು ನೋಡುತ್ತ, ಬರೆದಿಡುತ್ತ ಹೋದರು. ದೊಡ್ಡವರಾದ ಮೇಲೆ ಆ ಊರಿಗೆ ಬಂದು ನೆಲೆಸಿದವರಿಗೆ ಕಲೆ ಬರುತ್ತಿರಲಿಲ್ಲ, ಹಲ್ಲು ಮೂಡುವ ವಯಸ್ಸಿನಲ್ಲಿ ಅಲ್ಲಿದ್ದವರಿಗೇ ಬರುತ್ತಿತ್ತು. ಹಾಗಾದರೆ ಕಲೆ ಹೊರಗಿನಿಂದ ಅಂಟಿದ್ದಲ್ಲ, ಹಲ್ಲು ತಯಾರಾಗುವಾಗಲೇ ಒಳಗೆ ಸೇರಿದ್ದು ಎಂದಾಯಿತು. ಮೆಕೇ ಅವರ ಅನುಮಾನ ನೀರಿನ ಕಡೆ ತಿರುಗಿತು.

1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿನಿಂದ ಅವರಿಗೆ ಕರೆ ಬಂತು. ಆ ಊರಿನವರು ದೂರದ ಒಂದು ಬೆಚ್ಚನೆಯ ಬುಗ್ಗೆಯಿಂದ ಹೊಸದಾಗಿ ಪೈಪ್ ಹಾಕಿಸಿಕೊಂಡಿದ್ದರು. ಅದಾದ ಮೇಲೆ ಮಕ್ಕಳ ಹಲ್ಲಿನಲ್ಲಿ ಕಲೆ ಕಾಣಿಸತೊಡಗಿತ್ತು. ಮೆಕೇ ನೀರು ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ಆದರೂ ‘ಈ ಪೈಪ್ ಬಿಟ್ಟು ಬೇರೆ ಬುಗ್ಗೆಯ ನೀರು ತನ್ನಿ’ ಎಂದು ಸಲಹೆ ಕೊಟ್ಟರು. ಊರಿನವರು ಹಾಗೇ ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಊರಿನ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹೊಸ ಹಲ್ಲುಗಳು ಬಂದವು!

ಮಕ್ಕಳೇ, ಈ ಓಕ್ಲಿಯ ಕಥೆ ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಕಳ್ಳನ ಹೆಸರು ಗೊತ್ತಾದದ್ದು 1931ರಲ್ಲಿ. ಅರ್ಕಾನ್ಸಾ ರಾಜ್ಯದ ಬಾಕ್ಸೈಟ್ ಎಂಬ ಊರಿನಲ್ಲೂ ಮಕ್ಕಳಿಗೆ ಇದೇ ತೊಂದರೆ ಇತ್ತು. ಅದು ಅಲ್ಯೂಮಿನಿಯಂ ಕಂಪನಿಯ ಕೆಲಸಗಾರರ ಊರು. ಕಂಪನಿಯ ಮುಖ್ಯ ರಸಾಯನ ತಜ್ಞ ಎಚ್. ವಿ. ಚರ್ಚಿಲ್ ಆ ನೀರನ್ನು ಹೊಸ ವಿಧಾನದಲ್ಲಿ ಪರೀಕ್ಷಿಸಿದಾಗ ಫ್ಲೋರೈಡ್ ಹೆಚ್ಚಾಗಿರುವುದು ಕಂಡಿತು. ಮೊದಲು ಅವರೇ ನಂಬದೆ, ಇನ್ನೊಮ್ಮೆ ನೀರು ತರಿಸಿ ನೋಡಿದರು. ಎರಡನೇ ಸಲವೂ ಅದೇ ಉತ್ತರ. ಕಲೆ ಕಂಡಿದ್ದ ಬೇರೆ ಊರುಗಳ ನೀರನ್ನು ಪರೀಕ್ಷಿಸಿದಾಗ ಅಲ್ಲೂ ಅದೇ ಫ್ಲೋರೈಡ್.

ಇದರಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ಕಲೆ ಇದ್ದ ಹಲ್ಲುಗಳಿಗೆ ಹುಳುಕು ಹತ್ತುವುದು ಕಡಿಮೆ ಎಂದು ಮೆಕೇ ಕಂಡುಕೊಂಡಿದ್ದರು. ಅಂದರೆ ಫ್ಲೋರೈಡ್ ಸ್ವಲ್ಪವೇ ಇದ್ದರೆ ಹಲ್ಲಿಗೆ ಒಳ್ಳೆಯದು. ಟೂತ್‌ಪೇಸ್ಟಿಗೆ ಅದನ್ನು ಸೇರಿಸುವುದು ಅದಕ್ಕೇ. ‘ಅತಿಯಾದರೆ ಅಮೃತವೂ ವಿಷ’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕೀತೇ?

ಏಳಲಾರದ ಎತ್ತುಗಳು

ನಮ್ಮ ದೇಶದಲ್ಲಿ ಈ ಕಥೆ ಹಲ್ಲಿಗೆ ನಿಲ್ಲಲಿಲ್ಲ. 1930ರ ದಶಕದಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯ ರೈತರು ಮೊದಲು ಗಮನಿಸಿದ್ದು ತಮ್ಮ ಎತ್ತುಗಳನ್ನು ಎನ್ನುತ್ತಾರೆ. ನೊಗ ಹೊರುವ ಎತ್ತುಗಳ ಕಾಲು ಬಿಗಿದು, ನಡೆಯಲು ಆಗುತ್ತಿರಲಿಲ್ಲ. ಆಮೇಲೆ ಅದೇ ಬಿಗಿತ ಮನುಷ್ಯರಲ್ಲೂ ಕಂಡಿತು. ಬೆನ್ನು ಬಾಗದು, ಕತ್ತು ಹೊರಳದು, ಮಂಡಿ ಮಡಚದು. ಕಾರಣ ಬಾವಿಯ ನೀರಿನಲ್ಲಿರುವ ಫ್ಲೋರೈಡ್ ಎಂದು ಅಲ್ಲಿ ಅಧ್ಯಯನ ಮಾಡಿದ ಶಾರ್ಟ್ ಮತ್ತು ಅವರ ಜೊತೆಗಾರ ವೈದ್ಯರು 1937ರಲ್ಲಿ ಬರೆದರು. ಈ ರೋಗಕ್ಕೆ ಫ್ಲೋರೋಸಿಸ್ ಎಂದು ಹೆಸರು.

ನೆಲ್ಲೂರು ನಮ್ಮಿಂದ ದೂರವೇನಲ್ಲ. ನೆಲದೊಳಗಿನ ಬಂಡೆಗೆ ರಾಜ್ಯದ ಗಡಿ ಗೊತ್ತೂ ಇಲ್ಲ. ಕರ್ನಾಟಕದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗ ಮುಂತಾದ ಒಣ ಜಿಲ್ಲೆಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ.

ಬಂಡೆಯ ಕಷಾಯ

ಈ ಫ್ಲೋರೈಡನ್ನು ನೀರಿಗೆ ಯಾರು ಹಾಕಿದರು? ಯಾವ ಕಾರ್ಖಾನೆಯೂ ಅಲ್ಲ. ನಮ್ಮ ಕಾಲಡಿಯ ಬಂಡೆಯೇ ಹಾಕಿತು.

ದಖ್ಖನಿನ ನೆಲದಡಿಯಲ್ಲಿ ಹೆಚ್ಚಾಗಿ ಇರುವುದು ಗ್ರಾನೈಟ್ ಮತ್ತು ಅದರ ಬಳಗದ ಗಟ್ಟಿ ಬಂಡೆ. ಇದರಲ್ಲಿ ಫ್ಲೋರೈಡ್ ಇರುವ ಖನಿಜಗಳು ಸೇರಿಕೊಂಡಿವೆ. ಅಜ್ಜಿ ಶುಂಠಿ, ಮೆಣಸು ಹಾಕಿ ಕಷಾಯ ಮಾಡುವುದನ್ನು ನೋಡಿದ್ದೀರಲ್ಲ? ಎಷ್ಟು ಹೊತ್ತು ಒಲೆಯ ಮೇಲೆ ಬಿಡುತ್ತೇವೆಯೋ ಅಷ್ಟು ಸಾರ ನೀರಿಗಿಳಿಯುತ್ತದೆ. ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಂಡ ನೀರಿಗೂ ಹಾಗೆಯೇ. ವರ್ಷಗಟ್ಟಲೆ ಅಲ್ಲೇ ನಿಂತ ನೀರು ಬಂಡೆಯ ಸಾರವನ್ನು ಹೀರಿಕೊಳ್ಳುತ್ತದೆ. ಸುಣ್ಣದ ಅಂಶ ಕಡಿಮೆ ಇದ್ದು, ಸೋಡಾದ ಗುಣ ಹೆಚ್ಚಿರುವ ನೀರಾದರೆ ಫ್ಲೋರೈಡ್ ಇನ್ನೂ ಸುಲಭವಾಗಿ ಕರಗುತ್ತದೆ.

ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಅವರ ಚಿಕ್ಕಂದಿನಲ್ಲಿ ಊರಿಗೆ ಕೆರೆ ಇತ್ತು, ಸೇದುವ ಬಾವಿ ಇತ್ತು, ಕೆಲವು ಕಡೆ ಮೆಟ್ಟಿಲಿಳಿದು ತುಂಬಿಕೊಳ್ಳುವ ಬಾವಿಯೂ ಇತ್ತು. ಆ ನೀರು ಹೆಚ್ಚಾಗಿ ಆ ವರ್ಷದ, ಹಿಂದಿನ ವರ್ಷದ ಮಳೆ. ಬಂಡೆಯ ಜೊತೆ ಅದರ ಸಹವಾಸ ಕಡಿಮೆ. ಎಲ್ಲ ಸೇದುವ ಬಾವಿಗಳೂ ಶುದ್ಧವಾಗಿದ್ದವು ಎಂದಲ್ಲ. ನೆಲ್ಲೂರಿನವರು ಕುಡಿದದ್ದೂ ಬಾವಿ ನೀರನ್ನೇ. ಆದರೂ ಕೆರೆ ತುಂಬಿದಾಗ ಸುತ್ತಲಿನ ಬಾವಿಗಳಿಗೆ ಹೊಸ ನೀರು ಇಳಿದು, ಹಳೆಯ ನೀರು ತೆಳುವಾಗುತ್ತಿತ್ತು.

ಹಾಗಾದರೆ ಕೊಳವೆಬಾವಿ ಬಂದದ್ದೇ ತಪ್ಪೇ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಅಜ್ಜಿಯನ್ನು ‘ನಾರುಹುಣ್ಣು ಅಂದರೇನು?’ ಎಂದು ಕೇಳಿ. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ಒಂದು ವರ್ಷದ ಮೇಲೆ ದಾರದಂಥ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕಿತ್ತು. ಜೊತೆಗೆ ಕಾಲರಾ, ವಾಂತಿಭೇದಿಯ ಕಾಟ. ಕೊಳವೆಬಾವಿ ಮತ್ತು ಕೈಪಂಪು ಇವುಗಳಿಂದ ಲಕ್ಷಾಂತರ ಜನರನ್ನು ಉಳಿಸಿದವು. ನಾರುಹುಳುವಂತೂ ನಮ್ಮ ದೇಶದಿಂದಲೇ ಹೋಯಿತು. 2000ದಲ್ಲಿ ಭಾರತಕ್ಕೆ ಅದರಿಂದ ಮುಕ್ತವಾದ ದೇಶವೆಂಬ ಮನ್ನಣೆ ಸಿಕ್ಕಿತು.

ಆದರೆ ಅಷ್ಟಕ್ಕೆ ನಾವು ನಿಲ್ಲಲಿಲ್ಲ. ಪಂಪುಗಳು ಹೆಚ್ಚಿದವು. ಕೆರೆಗಳಲ್ಲಿ ಹೂಳು ತುಂಬಿತು. 200 ಅಡಿಗೆ ಸಿಗುತ್ತಿದ್ದ ನೀರು 500 ಅಡಿಗೆ ಇಳಿಯಿತು. ಈಗ ಕೋಲಾರ, ಚಿಕ್ಕಬಳ್ಳಾಪುರದ ಕಡೆ 1,000 ಅಡಿ ದಾಟಿದರೂ ನೀರು ಬಂದರೆ ಪುಣ್ಯ ಎನ್ನುವಂತಾಗಿದೆ. ಆಳಕ್ಕೆ ಹೋದಷ್ಟೂ ಹಳೆಯ ನೀರು. ಹಳೆಯದಾದಷ್ಟೂ ಗಟ್ಟಿ ಕಷಾಯ.

ಮೈಯೊಳಗೆ ನಡೆಯುವುದೇನು?

ನಮ್ಮ ಹಲ್ಲು ಮತ್ತು ಮೂಳೆ ಕಟ್ಟುವ ಮುಖ್ಯ ವಸ್ತು ಕ್ಯಾಲ್ಸಿಯಂ. ಫ್ಲೋರೈಡಿಗೆ ಕ್ಯಾಲ್ಸಿಯಂ ಎಂದರೆ ಬಹಳ ಸೆಳೆತ. ಹಾಗಾಗಿ ಮೈಗೆ ಸೇರಿದ ಫ್ಲೋರೈಡ್ ಸೀದಾ ಮೂಳೆ ಮತ್ತು ಹಲ್ಲಿನ ಕಡೆ ಹೋಗುತ್ತದೆ. ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಉಳಿದರ್ಧ ಮೂಳೆಯಲ್ಲಿ ಕೂರುತ್ತದೆ. ಬೆಳೆಯುವ ಮಕ್ಕಳ ಮೂಳೆ ಇನ್ನೂ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ.

ಶಾಶ್ವತ ಹಲ್ಲುಗಳು ಬಾಯಿಗೆ ಬರುವ ಮೊದಲು ಒಸಡಿನೊಳಗೆ ತಯಾರಾಗುತ್ತಿರುತ್ತವೆ. ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ ಈ ಕೆಲಸ ನಡೆಯುತ್ತದೆ. ಆ ಹೊತ್ತಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಹೊಳಪಿನ ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೊದಲು ಸೀಮೆಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಗೆರೆ. ಈ ಗೆರೆಗಳು ಹಲ್ಲಿಗೆ ಅಡ್ಡಡ್ಡವಾಗಿರುತ್ತವೆ ಮತ್ತು ಸಾಮಾನ್ಯವಾಗಿ ಎಡಬಲದ ಜೋಡಿ ಹಲ್ಲುಗಳೆರಡರಲ್ಲೂ ಕಾಣುತ್ತವೆ. ಹಲ್ಲಿನ ಒಳಗೇ ಸೇರಿರುವುದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆದ್ದರಿಂದ ತರಗತಿಯಲ್ಲಿ ಯಾರ ಹಲ್ಲಾದರೂ ಹೀಗಿದ್ದರೆ ‘ಹಲ್ಲುಜ್ಜಲ್ವಾ?’ ಎಂದು ಕೇಳಬೇಡಿ. ಅದು ಅವರ ಸೋಮಾರಿತನದ ಗುರುತಲ್ಲ, ಅವರು ಕುಡಿದ ನೀರಿನ ಗುರುತು.

ಮೂಳೆಯ ತೊಂದರೆಗೆ ಬಹಳ ವರ್ಷ ಬೇಕು. ಮೊದಲು ಕತ್ತು, ಸೊಂಟ, ಮಂಡಿಗಳಲ್ಲಿ ನೋವು ಮತ್ತು ಬಿಗಿತ. ಫ್ಲೋರೈಡ್ ಬಹಳ ಹೆಚ್ಚಿರುವ ಕಡೆ ಬೆನ್ನು ಬಾಗಿ ಗಟ್ಟಿಯಾಗಿಬಿಡುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಿಗೆ ಕಾಲು ಸೊಟ್ಟಗಾಗುವುದೂ ಉಂಟು. ತೆಲಂಗಾಣದ ನಲ್ಗೊಂಡ ಜಿಲ್ಲೆಯಲ್ಲಿ ಇಂಥವರನ್ನು ವೈದ್ಯರು ಬಹಳ ಹಿಂದೆಯೇ ಕಂಡಿದ್ದಾರೆ.

ಆರೋಗ್ಯ ಕಾರ್ಯಕರ್ತರು ಮೂರು ಸುಲಭ ಪರೀಕ್ಷೆ ಮಾಡಿಸುತ್ತಾರೆ. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ಎತ್ತಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದರೆ ಫ್ಲೋರೋಸಿಸ್ ಎಂದೇ ಅರ್ಥವಲ್ಲ, ವಯಸ್ಸಿನ ಸಂಧಿವಾತದಲ್ಲೂ ಹೀಗಾಗುತ್ತದೆ. ಆದರೆ ಒಂದೇ ಊರಿನ ಬಹಳ ಜನರಿಗೆ, ಅದರಲ್ಲೂ ವಯಸ್ಸಾಗದವರಿಗೂ ಹೀಗಾಗುತ್ತಿದ್ದರೆ, ಮಕ್ಕಳ ಹಲ್ಲಿನಲ್ಲೂ ಗೆರೆ ಇದ್ದರೆ, ವೈದ್ಯರಿಗೆ ಹೇಳಿ ನೀರಿನ ಕಡೆ ನೋಡಲೇಬೇಕು.

ಕುದಿಸಿದರೆ ಹೋಗುತ್ತದೆಯೇ?

ಎಲ್ಲ ಅಜ್ಜಿಯರೂ ಕೇಳುವ ಪ್ರಶ್ನೆ ಇದು. ಕ್ರಿಮಿ ಸಾಯಲು ಕುದಿಸುವುದು ಒಳ್ಳೆಯ ಉಪಾಯ. ಆದರೆ ಫ್ಲೋರೈಡ್ ಕ್ರಿಮಿಯಲ್ಲ, ಸಾಯಲು ಅದಕ್ಕೆ ಜೀವವೇ ಇಲ್ಲ!

ಮಕ್ಕಳೇ, ಒಂದು ಲೆಕ್ಕ ಮಾಡಿ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 3 ಲೀಟರ್ ನೀರನ್ನು ಒಲೆಯ ಮೇಲಿಟ್ಟಿರಿ. ಒಟ್ಟು ಎಷ್ಟು ಫ್ಲೋರೈಡ್? 6 ಮಿಲಿಗ್ರಾಂ. ಕುದಿದು ಕುದಿದು ನೀರು 2 ಲೀಟರಿಗೆ ಇಳಿಯಿತು. ಆವಿಯ ಜೊತೆ ಫ್ಲೋರೈಡ್ ಹೋಗಲಿಲ್ಲ. ಈಗ ಲೀಟರಿಗೆ ಎಷ್ಟು? 3 ಮಿಲಿಗ್ರಾಂ! ಕಡಿಮೆಯಾಗುವ ಬದಲು ಹೆಚ್ಚಾಯಿತು. ಬಟ್ಟೆಯಲ್ಲಿ ಸೋಸಿದರೂ, ಮಡಕೆಯಲ್ಲಿ ಇಟ್ಟರೂ, ಕ್ಲೋರಿನ್ ಹಾಕಿದರೂ ಅದು ಹೋಗುವುದಿಲ್ಲ. ಹಾಗೆಂದು ಕುದಿಸುವುದನ್ನು ಬಿಡಬೇಡಿ. ಕ್ರಿಮಿಯ ಕಾಟಕ್ಕೆ ಅದು ಬೇಕೇ ಬೇಕು. ಕ್ರಿಮಿ ಬೇರೆ, ರಾಸಾಯನಿಕ ಬೇರೆ ಎಂಬುದು ತಿಳಿದಿದ್ದರೆ ಸಾಕು.

ಕೊಡದಲ್ಲಿ ಇನ್ನೂ ಯಾರಿದ್ದಾರೆ?

ನೆಲದೊಳಗಿನ ನೀರಿನಲ್ಲಿ ಫ್ಲೋರೈಡಿನ ಜೊತೆಗಾರರೂ ಇದ್ದಾರೆ. ಒಂದು ಆರ್ಸೆನಿಕ್. ಬಾಂಗ್ಲಾದೇಶ ಮತ್ತು ಪಶ್ಚಿಮ ಬಂಗಾಳದಲ್ಲಿ ಕೊಳದ ನೀರಿನ ಕಾಲರಾ ತಪ್ಪಿಸಲು ಹಾಕಿದ ಕೈಪಂಪುಗಳಲ್ಲಿ ಇದು ಬಂತು. ಬಾಂಗ್ಲಾದೇಶದಲ್ಲಿ ಪರೀಕ್ಷೆ ಮಾಡಿ, ಕೆಟ್ಟ ಪಂಪಿಗೆ ಕೆಂಪು, ಒಳ್ಳೆಯ ಪಂಪಿಗೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಯಾವ ನೀರು ಕುಡಿಯಬೇಕೆಂದು ತಿಳಿಯಿತು. ನಮ್ಮ ರಾಯಚೂರು, ಯಾದಗಿರಿ ಕಡೆಯ ಚಿನ್ನದ ಬಂಡೆಯ ಸೀಮೆಯ ಕೆಲವು ಹಳ್ಳಿಗಳಲ್ಲೂ ಆರ್ಸೆನಿಕ್ ಕಂಡಿದೆ.

ಇನ್ನೊಂದು ನೈಟ್ರೇಟ್. ಇದು ಬಂಡೆಯದ್ದಲ್ಲ, ನಮ್ಮದೇ ಕೊಡುಗೆ. ಹೊಲಕ್ಕೆ ಹೆಚ್ಚಾಗಿ ಸುರಿದ ಗೊಬ್ಬರ, ಬಾವಿಯ ಪಕ್ಕದ ತಿಪ್ಪೆ, ಶೌಚದ ಗುಂಡಿಗಳಿಂದ ಇಳಿಯುತ್ತದೆ. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಿನಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಎದೆಹಾಲು ಕುಡಿಯುವ ಕೂಸಿಗೆ ಈ ಭಯವಿಲ್ಲ.

ಮೊದಲು ಪರೀಕ್ಷೆ

ನಾಲಿಗೆಗೆ ಗೊತ್ತಾಗದ ಕಳ್ಳನನ್ನು ಪರೀಕ್ಷೆಯೇ ಹಿಡಿಯಬೇಕು. ಫ್ಲೋರೈಡಿನ ಸಾಮಾನ್ಯ ಪರೀಕ್ಷೆ ಮಕ್ಕಳಿಗೂ ಇಷ್ಟವಾಗುತ್ತದೆ. ನೀರಿಗೆ ಕೆಂಪು ಛಾಯೆಯ ಒಂದು ದ್ರಾವಣ ಹಾಕುತ್ತಾರೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಮಾಸಿ ಹಳದಿಯ ಕಡೆ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿದರೆ ಎಷ್ಟಿದೆ ಎಂದು ತಿಳಿಯುತ್ತದೆ. ಜಲಜೀವನ್ ಮಿಷನ್ ಯೋಜನೆಯಲ್ಲಿ ಹಳ್ಳಿಯ ಮಹಿಳೆಯರಿಗೇ ಇಂಥ ಕಿಟ್ ಕೊಟ್ಟು ಕಲಿಸಲಾಗುತ್ತಿದೆ. ಜಿಲ್ಲಾ ಕೇಂದ್ರದಲ್ಲಿ ನೀರಿನ ಪ್ರಯೋಗಾಲಯವೂ ಇರುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ‘ನಮ್ಮ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ?’ ಎಂದು ಕೇಳಿ. ಒಮ್ಮೆ ಪರೀಕ್ಷಿಸಿ ಸುಮ್ಮನಾಗಬೇಡಿ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಫ್ಲೋರೈಡ್ ಹೆಚ್ಚಿದೆ ಎಂದು ಗೊತ್ತಾದರೆ ಗಾಬರಿ ಬೇಡ. ಆ ನೀರಿನಲ್ಲಿ ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು, ಪಾತ್ರೆ ತೊಳೆಯಬಹುದು. ಬೇರೆ ನೀರು ಬೇಕಾದದ್ದು ಕುಡಿಯಲು ಮತ್ತು ಅಡುಗೆಗೆ ಮಾತ್ರ. ಅಡುಗೆಯ ಮಾತನ್ನು ಬಹಳ ಜನ ಮರೆಯುತ್ತಾರೆ. ಕುಡಿಯಲು ಶುದ್ಧ ನೀರು ತಂದು, ಅನ್ನ, ಸಾರು, ಮುದ್ದೆಗೆ ಹಳೆಯ ನೀರನ್ನೇ ಹಾಕಿದರೆ ಕಳ್ಳ ಹಿತ್ತಲ ಬಾಗಿಲಿನಿಂದ ಬಂದ ಹಾಗೆ.

ಊರೂರಿಗೆ ಬಂದಿರುವ ನಾಣ್ಯ ಹಾಕುವ ಶುದ್ಧ ನೀರಿನ ಘಟಕಗಳು ಫ್ಲೋರೈಡನ್ನು ತೆಗೆಯುತ್ತವೆ. ಆದರೆ ಅವುಗಳ ಪೊರೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸಬೇಕು, ಹೊರಬರುವ ನೀರನ್ನು ಆಗಾಗ ಪರೀಕ್ಷಿಸಬೇಕು. ಅವು ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ, ಅದನ್ನು ಬಾವಿಯ ಪಕ್ಕ ಇಂಗಿಸಬಾರದು. ಆಲಂ ಮತ್ತು ಸುಣ್ಣ ಬಳಸಿ ಫ್ಲೋರೈಡನ್ನು ತಳಕ್ಕಿಳಿಸುವ ‘ನಲ್ಗೊಂಡ ವಿಧಾನ’ವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿದೆ. ಅಳತೆ ತಪ್ಪಿದರೆ ಬೇರೆ ತೊಂದರೆ ಆಗುವುದರಿಂದ ತಿಳಿದವರ ಮಾರ್ಗದರ್ಶನ ಇಲ್ಲದೆ ಮನೆಯಲ್ಲಿ ಮಾಡಬಾರದು. ನದಿ ನೀರನ್ನು ಪೈಪಿನಲ್ಲಿ ತರುವ ಬಹುಗ್ರಾಮ ಯೋಜನೆಗಳೂ ಇವೆ. ಅವು ಬಂದರೆ ಒಳ್ಳೆಯದೇ.

ಮೇಲಿನಿಂದ ಬರುವ ನೀರು

ಆದರೆ ಬಂಡೆಯನ್ನೇ ಮುಟ್ಟದ ನೀರೊಂದಿದೆ. ಅದು ಮಳೆ. ‘ನಮ್ಮದು ಬರದ ಸೀಮೆ, ಮಳೆ ಎಲ್ಲಿ ಸ್ವಾಮಿ?’ ಎನ್ನಬಹುದು. ಲೆಕ್ಕ ಹಾಕೋಣ ಬನ್ನಿ.

ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮನೆಯ ಚಾವಣಿ 30 ಚದರ ಮೀಟರ್, ಅಂದರೆ 320 ಚದರ ಅಡಿಯಷ್ಟು ಚಿಕ್ಕದು ಎಂದುಕೊಳ್ಳಿ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದುಕೊಳ್ಳಿ. ಗುಣಿಸಿದರೆ 15,000 ಲೀಟರ್. ಹರಿದು, ಆರಿ, ಮೊದಲ ಕೊಳೆ ನೀರು ಹೊರಗೆ ಬಿಟ್ಟು ಐದರಲ್ಲೊಂದು ಪಾಲು ಹೋಯಿತು ಅನ್ನಿ. ಉಳಿದದ್ದು 12,000 ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ತಲೆಗೆ 5 ಲೀಟರಿನಂತೆ 25 ಲೀಟರ್ ಸಾಕು. ಹಾಗಾದರೆ 12,000 ಲೀಟರ್ ಎಷ್ಟು ದಿನಕ್ಕೆ ಬಂತು? 480 ದಿನಕ್ಕೆ. ವರ್ಷದಲ್ಲಿರುವುದು 365 ದಿನ!

ಅಷ್ಟು ನೀರು ಹಿಡಿಯುವ ತೊಟ್ಟಿ ಎಲ್ಲರಿಂದಲೂ ಕಟ್ಟಿಸಲಾಗದು, ನಿಜ. 6,000 ಲೀಟರಿನ ತೊಟ್ಟಿ ಒಮ್ಮೆ ತುಂಬಿದರೆ 8 ತಿಂಗಳು ಬರುತ್ತದೆ. ಮೊದಲ ಮಳೆಯಲ್ಲಿ ಚಾವಣಿ ತೊಳೆದುಹೋಗಲು ಬಿಡಬೇಕು. ಆಮೇಲಿನ ನೀರನ್ನು ಮರಳು, ಜಲ್ಲಿಯ ಸೋಸುಕದ ಮೂಲಕ ಒಳಗೆ ಬಿಡಬೇಕು. ತೊಟ್ಟಿಗೆ ಬೆಳಕು, ಸೊಳ್ಳೆ ಹೋಗದಂತೆ ಮುಚ್ಚಳ ಬೇಕು. ಕುಡಿಯುವ ಮುಂಚೆ ಕುದಿಸಬೇಕು. ಇಲ್ಲಿ ಅಜ್ಜಿಯ ಕುದಿಸುವ ಉಪಾಯ ಪೂರ್ತಿ ಸರಿ.

ಮನೆಗೆ ತೊಟ್ಟಿ ಇದ್ದಂತೆ ಊರಿಗೆ ಕೆರೆ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ. ಹೂಳು ತೆಗೆದು, ರಾಜಕಾಲುವೆ ಬಿಡಿಸಿದರೆ ಅವು ತುಂಬುತ್ತವೆ, ಸುತ್ತಲಿನ ನೆಲಕ್ಕೆ ಹೊಸ ನೀರು ಇಳಿಸುತ್ತವೆ. ಹಿರಿಯರು ಕೆರೆ ಕಟ್ಟಿಸುವುದನ್ನು ಪುಣ್ಯದ ಕೆಲಸ ಎಂದದ್ದು ಸುಮ್ಮನೆ ಅಲ್ಲ.

ತಟ್ಟೆಯಲ್ಲೂ ಮದ್ದಿದೆ

ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಹೊಟ್ಟೆಯಲ್ಲೇ ಫ್ಲೋರೈಡನ್ನು ಒಂದಿಷ್ಟು ಹಿಡಿದು ಹೊರಗೆ ಕಳಿಸುತ್ತದೆ. ಇದಕ್ಕೆ ದುಬಾರಿ ವಸ್ತು ಬೇಕಿಲ್ಲ. ನಮ್ಮ ರಾಗಿಯೇ ಇದೆ! ಜೊತೆಗೆ ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು. ಸಿ ಜೀವಸತ್ವಕ್ಕೆ ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣು. ಕಡು ಚಹಾದಲ್ಲಿ ಫ್ಲೋರೈಡ್ ಇರುವುದರಿಂದ ಮಕ್ಕಳಿಗೆ ಅದು ಬೇಡ. ಪುಟ್ಟ ಮಕ್ಕಳು ಪೇಸ್ಟನ್ನು ಸ್ವಲ್ಪವೇ ಹಾಕಿಕೊಂಡು, ನುಂಗದೆ ಉಗುಳಬೇಕು. ಆದರೆ ರಾಗಿ ತಿಂದೆವು ಎಂದು ಕೆಟ್ಟ ನೀರು ಕುಡಿಯುತ್ತಲೇ ಇದ್ದರೆ ಪ್ರಯೋಜನವಿಲ್ಲ. ಊಟ ನೀರಿಗೆ ಸಹಾಯ ಮಾಡಬಹುದು, ನೀರಿನ ಬದಲಿಗೆ ನಿಲ್ಲಲಾರದು.

ತೊಟ್ಟಿಲ ಮಗುವಿನ ಹಲ್ಲು

ಈಗ ಮತ್ತೆ ಆ ಜಗಲಿಗೆ ಬರೋಣ. ಅಜ್ಜನ ಕತ್ತು ಪೂರ್ತಿ ಸರಿಹೋಗುವುದು ಕಷ್ಟ. ನೀರು ಬದಲಿಸಿದರೆ ಮೂಳೆಯಲ್ಲಿ ಕೂತದ್ದು ವರ್ಷಗಳಲ್ಲಿ ನಿಧಾನವಾಗಿ ಒಂದಿಷ್ಟು ಇಳಿಯಬಹುದು, ಇನ್ನಷ್ಟು ಸೇರುವುದಂತೂ ನಿಲ್ಲುತ್ತದೆ. ಮೊಮ್ಮಗಳ ಹಲ್ಲಿನ ಗೆರೆ ತಾನಾಗಿ ಹೋಗುವುದಿಲ್ಲ. ದಂತವೈದ್ಯರು ಮೇಲ್ಪದರಕ್ಕೆ ಚಿಕಿತ್ಸೆ ಮಾಡಿ ಕಲೆ ಕಾಣದಂತೆ ಮಾಡಬಲ್ಲರು. ಅವಳ ಮೂಳೆಗಳು ಮಾತ್ರ ಇನ್ನೂ ಬೆಳೆಯುತ್ತಿವೆ, ಅವನ್ನು ಪೂರ್ತಿ ಕಾಪಾಡಬಹುದು.

ಆದರೆ ಒಳಗೆ ತೊಟ್ಟಿಲಲ್ಲಿ ಅವಳ ತಮ್ಮ ಮಲಗಿದ್ದಾನೆ. ಅವನ ಶಾಶ್ವತ ಹಲ್ಲುಗಳ ಕೆಲಸ ಒಸಡಿನೊಳಗೆ ಈಗಷ್ಟೇ ಶುರುವಾಗಿದೆ. ಓಕ್ಲಿಯ ಊರಿನವರು ಮಾಡಿದ್ದು ನೆನಪಿದೆಯಲ್ಲ? ಅವರಿಗೆ ಆಗ ಕಳ್ಳನ ಹೆಸರೂ ಗೊತ್ತಿರಲಿಲ್ಲ. ಆದರೂ ನೀರು ಬದಲಿಸಿದರು, ಮುಂದಿನ ಮಕ್ಕಳ ಹಲ್ಲು ಉಳಿಯಿತು. ನಮಗೆ ಹೆಸರೂ ಗೊತ್ತು, ಪರೀಕ್ಷೆಯೂ ಗೊತ್ತು, ಲೆಕ್ಕವೂ ಗೊತ್ತು.

ಈ ಭಾನುವಾರ ಅಜ್ಜ ಅಜ್ಜಿಯ ಪಕ್ಕ ಕೂತು ಮೂರು ಪ್ರಶ್ನೆ ಕೇಳಿ. ‘ನಿಮ್ಮ ಚಿಕ್ಕಂದಿನಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು? ಈಗ ಎಲ್ಲಿಂದ ಬರುತ್ತಿದೆ? ಅದನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ?’ ಮೊದಲ ಎರಡಕ್ಕೆ ಅವರು ಕಥೆ ಹೇಳುತ್ತಾರೆ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ, ಸೋಮವಾರ ಒಂದು ಶುದ್ಧ ಬಾಟಲಿಯಲ್ಲಿ ನೀರು ತುಂಬಿಕೊಂಡು ಪಂಚಾಯಿತಿಗೆ ಹೋಗಿ. ಅಜ್ಜನನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಹತ್ತು ವರ್ಷದ ಮೇಲೆ ಅದೇ ಶಾಲೆಯ ಅಂಗಳದಲ್ಲಿ ಆ ತೊಟ್ಟಿಲ ಮಗು ಗ್ರೂಪ್ ಫೋಟೊಗೆ ನಿಲ್ಲುತ್ತಾನೆ. ‘ಎಲ್ಲಿ, ನಗಿ ನೋಡೋಣ!’ ಎಂದಾಗ ಅವನು ಬಾಯಿ ತುಂಬ ನಗಬೇಕು.